ಚೈಕೋವ್ಸ್ಕಿಯ ಸಾವು ಮತ್ತು ಒಂದು ಪಿಸುಮಾತು

ಪ್ಯೋತ್ರ್ ಇಲ್ಯಿಚ್ ಚೈಕೋವ್ಸ್ಕಿ ವಿಷ ಕುಡಿದು ಸತ್ತ ಎಂಬ ಮಾತನ್ನು ಸಂಗೀತಪ್ರಿಯರು ಈಗಲೂ ತೀರ್ಮಾನವಾದ ಸಂಗತಿಯೆಂಬಂತೆ ಹೇಳುತ್ತಾರೆ. ಆತನ ಆರನೆಯ ಸಿಂಫನಿಯನ್ನು ಕುರಿತ ಲೇಖನವನ್ನು ಈ ಸಂಚಿಕೆಯಲ್ಲಿ ಪ್ರಕಟಿಸುತ್ತಿದ್ದೇವೆ. ಅದರಲ್ಲಿ ಆ ಮಾತಿಗೆ ಜಾಗ ಕೊಟ್ಟಿಲ್ಲ.

1893ರ ಅಕ್ಟೋಬರ್ 28ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಆ ಸಿಂಫನಿಯ ಮೊದಲ ಕಛೇರಿಯನ್ನು ಚೈಕೋವ್ಸ್ಕಿಯೇ ನಡೆಸಿಕೊಟ್ಟ. ನವೆಂಬರ್ 6ರಂದು ತಮ್ಮ ಮೋದೆಸ್ತ್‌ನ ಮನೆಯಲ್ಲಿ ತೀರಿಕೊಂಡ. ವಯಸ್ಸು 53. ವೈದ್ಯರು ಕಾಲರಾ ಎಂದರು. ಊರಲ್ಲಿ ಆಗ ಕಾಲರಾ ಇತ್ತು. ಅನುಮಾನ ಹುಟ್ಟಲು ಕಾರಣಗಳೂ ಇದ್ದವು. ವೈದ್ಯರ ಹೇಳಿಕೆಗೂ ಮೋದೆಸ್ತ್‌ನ ಹೇಳಿಕೆಗೂ ದಿನಗಳು ತಾಳೆಯಾಗಲಿಲ್ಲ. ಕಾಲರಾದಿಂದ ಸತ್ತವನಿಗೆ ಜನ ಮುತ್ತಿಡುತ್ತಿದ್ದುದನ್ನು ಕಂಡು ಸಂಗೀತ ರಚನೆಕಾರ ರಿಮ್ಸ್ಕಿ-ಕೊರ್ಸಕೋವ್ ಬೆರಗಾಗಿ ಬರೆದಿಟ್ಟ. ಆದರೆ ಕಾಲರಾ ಹರಡುವುದು ಮುಖ್ಯವಾಗಿ ಕೆಟ್ಟ ನೀರು, ಆಹಾರದಿಂದ. ಗಡಿಬಿಡಿಯ, ಶೋಕದ ದಿನಗಳ ನೆನಪು ತಪ್ಪುವುದೂ ಅಪರೂಪವಲ್ಲ.

ಆತ್ಮಹತ್ಯೆಯ ಕತೆ ಬಂದ ದಾರಿ ನೋಡಿ. ಕುಲೀನನೊಬ್ಬ ತನ್ನ ಸೋದರನ ಅಥವಾ ಸೋದರಿಯ ಮಗನ ಮೇಲೆ ಚೈಕೋವ್ಸ್ಕಿ ತೋರಿದ ಒಲವಿನ ಬಗ್ಗೆ ಚಕ್ರವರ್ತಿಗೆ ದೂರು ಬರೆದನಂತೆ. ಚೈಕೋವ್ಸ್ಕಿ ಓದಿದ ಕಾನೂನು ಶಾಲೆಯ ಹಳೆಯ ಸಹಪಾಠಿಗಳು ಮರ್ಯಾದೆಯ ಹೆಸರಿನಲ್ಲಿ ಪಂಚಾಯಿತಿ ಕೂಡಿ, ಸಾಯುವಂತೆ ಆತನಿಗೆ ವಿಧಿಸಿದರಂತೆ. ಇದನ್ನು ಅವರಲ್ಲಿ ಒಬ್ಬನ ವಿಧವೆ 1913ರಲ್ಲಿ ವಿದ್ಯಾರ್ಥಿಯೊಬ್ಬನಿಗೆ ಹೇಳಿದಳಂತೆ. ಆತ 1966ರಲ್ಲಿ ಸಂಗೀತ ವಿದ್ವಾಂಸೆ ಅಲೆಕ್ಸಾಂಡ್ರಾ ಓರ್ಲೋವಾ ಅವರಿಗೆ ಹೇಳಿದ. ರಷ್ಯಾ ಬಿಟ್ಟುಬಂದ ಮೇಲೆ ಓರ್ಲೋವಾ ಅದನ್ನು ಅಚ್ಚಿಗೆ ಕೊಟ್ಟರು. 1980ರ ಗ್ರೋವ್ ಸಂಗೀತ ನಿಘಂಟು ಕೂಡ ಆತ್ಮಹತ್ಯೆಯ ಮಾತನ್ನು ಒಪ್ಪಿಬಿಟ್ಟಿತು! ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. 1988ರಲ್ಲಿ ಸಂಶೋಧಕ ಅಲೆಕ್ಸಾಂಡರ್ ಪೊಜ್ನಾನ್ಸ್ಕಿ ದಾಖಲೆಗಳನ್ನಿಟ್ಟುಕೊಂಡು ಈ ವಾದದ ಎಳೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದರು. ಅದೇ ಶಾಲೆಯಲ್ಲಿ ಓದಿದ ರಾಜಕುಮಾರ ಮೆಶ್ಚೆರ್ಸ್ಕಿ ಸಲಿಂಗಕಾಮಿ ಎಂಬುದು ಊರಿಗೆಲ್ಲ ಗೊತ್ತಿತ್ತು. ಆದರೂ ಆತ ಚಕ್ರವರ್ತಿ ಮೂರನೆಯ ಅಲೆಕ್ಸಾಂಡರ್‌ಗೆ ಆಪ್ತನಾಗಿಯೇ ಉಳಿದ. ಚೈಕೋವ್ಸ್ಕಿಯ ಅಂತ್ಯಕ್ರಿಯೆಯ ಖರ್ಚು ಕೊಟ್ಟವನೂ ಅದೇ ಚಕ್ರವರ್ತಿ. ಗಂಡಸನ್ನು ಪ್ರೀತಿಸಿದ ಗಂಡಸಿಗೆ ಇಂಥ ಕೊನೆಯೇ ಸಹಜ ಎಂಬ ನಂಬಿಕೆ ಇಲ್ಲದಿದ್ದರೆ ಇಷ್ಟು ತೆಳುವಾದ ಸಾಕ್ಷ್ಯ ಇಷ್ಟು ಕಾಲ ಬಾಳುತ್ತಿರಲಿಲ್ಲ. ಆ ನಂಬಿಕೆ ಕ್ರೂರವಾದದ್ದು.

ಸಂಗೀತವನ್ನೂ ಸಾಕ್ಷಿಕಟ್ಟೆಗೆ ಎಳೆದಿದ್ದಾರೆ. ಸಿಂಫನಿಯ ಮೂರನೆಯ ಭಾಗ ಅಬ್ಬರದ ನಡೆಯಲ್ಲಿ ಮುಗಿಯುತ್ತದೆ, ನಾಲ್ಕನೆಯದು ವಿಲಂಬದಲ್ಲಿ ಕುಗ್ಗುತ್ತ ನಿಲ್ಲುತ್ತದೆ. ಮೊದಲ ಕಛೇರಿಯಲ್ಲಿ ಕೇಳುಗರು ಗೊಂದಲಗೊಂಡಿದ್ದರು. ಮೂರು ವಾರಗಳ ಬಳಿಕ, ನವೆಂಬರ್ 18ರಂದು, ವಾದ್ಯವೃಂದ ನಿರ್ದೇಶಕ ನಾಪ್ರಾವ್ನಿಕ್ ಅದನ್ನೇ ನಡೆಸಿದಾಗ ಅವರು ಅದರಲ್ಲಿ ಸಾವಿನ ಮುನ್ಸೂಚನೆ ಕೇಳಿಸಿಕೊಂಡರು. ಸ್ವರಗಳು ಅವೇ. ಬದಲಾದದ್ದು ಕೇಳುವವರ ಮನಸ್ಸು.

ಆ ವಿಲಂಬದ ಮುಕ್ತಾಯವನ್ನು ಚೈಕೋವ್ಸ್ಕಿ ಫೆಬ್ರವರಿಯಲ್ಲೇ ಗೊತ್ತುಮಾಡಿಕೊಂಡಿದ್ದ. ಸೋದರಳಿಯನಿಗೆ ಬರೆದ ಪತ್ರದಲ್ಲಿ ಅದನ್ನು ಹೇಳಿ, ತನ್ನ ಕಾಲ ಇನ್ನೂ ಮುಗಿದಿಲ್ಲ, ಇನ್ನೂ ಕೆಲಸ ಮಾಡಬಲ್ಲೆ ಎಂಬ ಹಿಗ್ಗನ್ನು ತೋಡಿಕೊಂಡಿದ್ದ. ಕಾಯಿಲೆ ಬೀಳುವ ಮುನ್ನಿನ ದಿನಗಳಲ್ಲೂ ತನ್ನ ಹಳೆಯ ಒಪೆರಾ ‘ಒಪ್ರಿಚ್ನಿಕ್’ ಅನ್ನು ತಿದ್ದಿ ಬರೆಯುವ ಯೋಚನೆಯಲ್ಲಿದ್ದ.