ಮುದ್ರೆ ತಾಳೆಯಾಗದ ಸರಕು

ಬಬಲೇಶ್ವರದಿಂದ ವಿಜಯಪುರದ ಕಾಲೇಜಿಗೆ ಬರುವ ಪರಿಚಯದ ಹುಡುಗನೊಬ್ಬನು ಕಳೆದ ಭಾನುವಾರ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದನು.

“ಕಾಕಾ, ಲಿನಕ್ಸ್‌ನ್ಯಾಗ ಹೊಸ ತಂತ್ರಾಂಶ ಹಾಕಾಕ ಹ್ವಾದ್ರ ಸಹಿ ಸರಿಯಿಲ್ಲ ಅಂತೈತ್ರಿ. ತಿಕೋಟಾದ ಗೆಳೆಯಾ ಆ ತಪಾಸಣೀನ ಬಂದ್ ಮಾಡಿಬಿಡು ಅಂದಾನ. ಮಾಡ್ಲೇನ್ರಿ?”

ಬೇಡವೆಂದೆನು. ಗುರುತು ಕೇಳಿದನೆಂಬ ತಪ್ಪಿಗೆ ಕಾವಲುಗಾರನನ್ನೇ ಬಿಡಿಸುವ ಮನೆಯವರುಂಟೆ?

ಲಿನಕ್ಸ್ ಯಂತ್ರಗಳಿಗೆ ತಂತ್ರಾಂಶಗಳು ಅಂತರಜಾಲದ ಭಂಡಾರಗಳಿಂದ ಬರುತ್ತವೆ. ಉಬುಂಟು, ಡೆಬಿಯನ್ ಮೊದಲಾದವುಗಳಲ್ಲಿ ಭಂಡಾರದವರು ತಮ್ಮ ಸರಕಿನ ಪಟ್ಟಿಗೆ ಗುಪ್ತ ಕೀಲಿಯಿಂದ ಸಹಿ ಮಾಡುತ್ತಾರೆ. ನಮ್ಮ ಯಂತ್ರದಲ್ಲಿರುವ ಬಹಿರಂಗ ಕೀಲಿಯು ಆ ಸಹಿಯನ್ನು ಪರೀಕ್ಷಿಸುತ್ತದೆ. ಆದಿಲಶಾಹಿ ಅರಸರ ಫರ್ಮಾನಿನ ಮೇಲೆ ಮುದ್ರೆಯಿದ್ದಂತೆ ಇದು. ಆದರೆ ಫರ್ಮಾನಿನೊಳಗೆ ಒಂದಕ್ಷರ ತಿದ್ದಿದರೆ ಮುದ್ರೆಯೇನೂ ಅಳಿಸಿಹೋಗುತ್ತಿರಲಿಲ್ಲ; ಇಲ್ಲಿ ಒಂದಕ್ಷರ ಬದಲಾದರೂ ಸಹಿ ತಾಳೆಯಾಗದು.

ಇದೇನು ಅತಿ ಜಾಗ್ರತೆಯಲ್ಲ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೆ ಕಳ್ಳರು ನುಗ್ಗಿ, ಹಿಂಬಾಗಿಲಿಟ್ಟ ನಕಲಿ ಪ್ರತಿಯನ್ನು ಜನರಿಗೆ ದಾಟಿಸಿದ್ದರು.

ಮೊದಲು ಹುಡುಗನ ಯಂತ್ರದ ಗಡಿಯಾರವನ್ನು ನೋಡಿದೆನು. ಒಳಗಿನ ಪುಟ್ಟ ಬ್ಯಾಟರಿ ಸತ್ತು ದಿನಾಂಕವು ಹಿಂದೆ ಸರಿದರೆ, ಇಂದಿನ ಸಹಿಯು ನಾಳೆಯದಾಗಿ ಕಂಡು ಯಂತ್ರವು ತಕರಾರು ತೆಗೆಯುವುದುಂಟು. ಗಡಿಯಾರ ಸರಿಯಾಗಿಯೇ ಇತ್ತು. ದೂರಿನ ಕೊನೆಯಲ್ಲಿ ಒಂದು ಕೀಲಿಯ ಸಂಖ್ಯೆಯಿತ್ತು. ಈತನು ಹೊರಗಿನ ಭಂಡಾರವೊಂದರ ವಿಳಾಸವನ್ನು ಸೇರಿಸಿದ್ದನೇ ಹೊರತು ಅದರ ಕೀಲಿಯನ್ನು ತಂದಿರಲಿಲ್ಲ!

ಆ ತಂತ್ರಾಂಶವನ್ನು ರಚಿಸಿದವರ ತಾಣದಿಂದಲೇ ಕೀಲಿಯನ್ನು ಇಳಿಸಿದೆವು. ಅದರ ಬೆರಳಗುರುತು 40 ಅಕ್ಷರಗಳದು. ಅವನು ಓದಿದನು, ನಾನು ಅವರು ಪ್ರಕಟಿಸಿದ್ದರೊಡನೆ ತಾಳೆ ನೋಡಿದೆನು. ಬಳಿಕ ಕೀಲಿಯನ್ನು ಕೀರಿಂಗ್ಸ್ ಎಂಬ ಕಡತಕೋಶದಲ್ಲಿಟ್ಟು, ಭಂಡಾರದ ವಿಳಾಸದ ಸಾಲಿನಲ್ಲಿ ‘ಸೈನ್ಡ್-ಬೈ’ ಎಂದು ಅದರ ಹೆಸರನ್ನು ನಮೂದಿಸಿದೆವು. ಹೀಗೆ ಮಾಡಿದರೆ ಆ ಕೀಲಿಗೆ ಆ ಒಂದು ಭಂಡಾರದ ಮಟ್ಟಿಗೆ ಮಾತ್ರ ಅಧಿಕಾರ. ಹಿಂದಿನ ‘ಆಪ್ಟ್-ಕೀ’ ಪದ್ಧತಿಯಲ್ಲಿ ಹೊರಗಿನವರ ಕೀಲಿಯೂ ಮನೆಯ ಎಲ್ಲ ಬೀಗಗಳಿಗೂ ಸಲ್ಲುತ್ತಿತ್ತು. ಅದನ್ನು ಕೈಬಿಟ್ಟದ್ದು ಒಳ್ಳೆಯದೇ ಆಯಿತು.

ಕೆಲವೊಮ್ಮೆ ಬಳಸುವವನದೇನೂ ತಪ್ಪಿರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಕಾಲಿ ಲಿನಕ್ಸ್‌ನವರಿಗೆ ತಮ್ಮ ಸಹಿಯ ಕೀಲಿಯೇ ಕೈತಪ್ಪಿ, ಹೊಸದನ್ನು ಮಾಡಿಕೊಳ್ಳಬೇಕಾಯಿತು. ಹಳೆಯದು ಕಳ್ಳರ ಪಾಲಾಗಿಲ್ಲವೆಂದು ಅವರೇ ತಿಳಿಸಿದರು. ಆದರೂ ಬಳಸುವವರೆಲ್ಲ ಹೊಸ ಕೀಲಿಯನ್ನು ತಾವೇ ತಂದು ಇಟ್ಟುಕೊಳ್ಳಬೇಕಾಯಿತು.

ಪಟ್ಟಿಯನ್ನು ಮತ್ತೆ ತರಿಸಿದಾಗ ದೂರು ಬರಲಿಲ್ಲ. ಹುಡುಗನು ಅಲ್ಲಿಂದಲೇ ತಿಕೋಟಾಕ್ಕೆ ಫೋನು ಹಚ್ಚಿದನು. ಗೆಳೆಯನ ಯಂತ್ರದಲ್ಲಿ ತಪಾಸಣೆಯು ಎಂಟು ತಿಂಗಳಿಂದ ಬಂದಾಗಿಯೇ ಇದೆಯಂತೆ. ಮುಂದಿನ ಭಾನುವಾರ ಅವನೂ ಬರುವನಂತೆ.