ಸ್ತ್ರೀವಾದ ಕಾರಿನವರದಲ್ಲ, ಕೇರಿಯದು



ಮೊನ್ನೆ ಗೌರಿಬಿದನೂರಿನ ಕಡೆ ಒಂದು ಹಾಸ್ಟೆಲಿನಲ್ಲಿ ಮಾತಾಡ್ತಾ ಕೂತಿದ್ದೆವು. ಹೆಣ್ಣುಮಕ್ಕಳ ವಿಚಾರ ಬಂತು. ಹತ್ತನೇ ಕ್ಲಾಸಿನ ಹುಡುಗನೊಬ್ಬ ಎದ್ದು, 'ಅಣ್ಣಾ, ಸ್ತ್ರೀವಾದ ಅನ್ನೋದು ಬೆಂಗಳೂರಿನ ಕಾರಿನೋರದ್ದು. ನಮಗ್ಯಾಕಣ್ಣ?' ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನಾಚಿಕೆಯಾಯಿತು.

ಆ ಹುಡುಗನ ತಪ್ಪಿಲ್ಲ. ವೇದಿಕೆ ಮೇಲೆ ಮೇಲ್ಜಾತಿಯ ನಾಲ್ಕು ಜನ ಹೆಂಗಸರನ್ನು ಕೂರಿಸಿ, ಇದೇ ಇಡೀ ಹೆಣ್ಣುಕುಲ ಅಂತ ತೋರಿಸಿದವರದು ತಪ್ಪು. ಅದನ್ನು ನೋಡಿ 'ಇದು ನಮ್ಮದಲ್ಲ' ಅಂತ ಎದ್ದು ಬಂದು, ನಮ್ಮದು ಯಾವುದು ಅಂತ ಹುಡುಕದೇ ಹೋದ ನಮ್ಮದೂ ತಪ್ಪು.

ನಮ್ಮದು ಯಾವುದು? 1855ರಲ್ಲಿ ಪುಣೆಯಲ್ಲಿ, ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆಯವರ ಶಾಲೆಯಲ್ಲಿ ಓದುತ್ತಿದ್ದ ಮುಕ್ತಾಬಾಯಿ ಎಂಬ ಹುಡುಗಿ ಒಂದು ಪ್ರಬಂಧ ಬರೆದಳು. ನಮ್ಮ ಕಡೆಯ ಮಾದಿಗರಂಥ ಮಾಂಗ್ ಜಾತಿಯವಳು. ವಯಸ್ಸು ಹದಿನಾಲ್ಕರ ಆಸುಪಾಸು. ವೇದ ಬ್ರಾಹ್ಮಣರದ್ದೇ ಆದರೆ ನಮಗೆ ಧರ್ಮ ಯಾವುದು ಅಂತ ಕೇಳಿದಳು. ತಲೆ ಮೇಲೆ ಸೂರಿಲ್ಲದೆ ಹೆರುವ ತನ್ನ ಜಾತಿಯ ಹೆಂಗಸರ ನೋವು ಹೇಳಿದಳು. 'ಜ್ಞಾನೋದಯ' ಪತ್ರಿಕೆ ಅದನ್ನು ಅಚ್ಚು ಹಾಕಿತು. ಜಾತಿ ಬೇರೆ, ಹೆಣ್ಣಿನ ಪ್ರಶ್ನೆ ಬೇರೆ ಅಂತ ಅವಳು ಎರಡು ಕಂತೆ ಕಟ್ಟಲಿಲ್ಲ. ನಿಮ್ಮ ವಯಸ್ಸಿನವಳು ಕಣ್ರಪ್ಪಾ!

ಬಾಬಾಸಾಹೇಬರ ಫೋಟೋಗೆ ಹಾರ ಹಾಕುತ್ತೇವೆ. 1942ರಲ್ಲಿ ನಾಗಪುರದಲ್ಲಿ ಸಾವಿರಾರು ದಲಿತ ಹೆಣ್ಣುಮಕ್ಕಳ ಮುಂದೆ ಅವರು, ಒಂದು ಸಮುದಾಯದ ಏಳಿಗೆಯನ್ನು ಅದರ ಹೆಂಗಸರ ಏಳಿಗೆಯಿಂದ ಅಳೆಯುತ್ತೇನೆ ಎಂಬ ಅರ್ಥದ ಮಾತಾಡಿದರು. ಹೆಣ್ಣಿಗೆ ಆಸ್ತಿ, ವಿಚ್ಛೇದನದ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್ಲು ಬಿದ್ದುಹೋದಾಗ, 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟರು. ಹಾರ ಹಾಕುವ ನಾವು ಮನೆಯಲ್ಲಿ ತಂಗಿಯ ಓದು ಬಿಡಿಸುವಾಗ ಬಾಯಿ ಮುಚ್ಚಿಕೊಂಡಿದ್ದರೆ, ಆ ಹಾರಕ್ಕೆ ಏನು ಬೆಲೆ?

ದೂರ ಬೇಡ, ನಮ್ಮ ಚಿಂತಾಮಣಿಗೆ ಬನ್ನಿ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸತ್ತವರಲ್ಲಿ ಹೆಂಗಸರೂ ಇದ್ದರು. ಬೆಂಕಿ ಇಟ್ಟವರು 'ನೀನು ಹೆಣ್ಣೋ, ದಲಿತಳೋ' ಅಂತ ಕೇಳಲಿಲ್ಲ. ಆರೋಪಿಗಳು ಕೋರ್ಟಿನಲ್ಲಿ ಖುಲಾಸೆಯಾದರು. ಕಂಬಾಲಪಲ್ಲಿಯ ಹೆಸರೆತ್ತದ ಸ್ತ್ರೀವಾದ ನಮಗೆ ಬೇಡ. ಹಾಗೇ, ಆ ಹೆಂಗಸರನ್ನು ಬರೀ ಲೆಕ್ಕಕ್ಕೆ ಸೇರಿಸಿಕೊಳ್ಳುವ ಚಳವಳಿಯೂ ಬೇಡ.

ಶಿಡ್ಲಘಟ್ಟದ ನೂಲು ಬಿಚ್ಚುವ ಕಡೆ ಹೋಗಿ ನೋಡಿ. ಕುದಿಯೋ ನೀರಿನಲ್ಲಿ ಬೆಂದ ಗೂಡಿನ ಎಳೆ ಹುಡುಕುವ ಬೆರಳುಗಳು ಬಿಳಿಚಿ ಸುಕ್ಕುಗಟ್ಟಿರುತ್ತವೆ. ಅಲ್ಲಿ ದಲಿತ ಅಕ್ಕನೂ ಇದ್ದಾಳೆ, ಮುಸ್ಲಿಂ ಅಕ್ಕನೂ ಇದ್ದಾಳೆ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂತು. ಹೊಲದಲ್ಲಿ ಅಪ್ಪನ ಕೂಲಿ ಎಷ್ಟು, ಅಮ್ಮನ ಕೂಲಿ ಎಷ್ಟು? ರಜಕ್ಕೆ ಊರಿಗೆ ಹೋದಾಗ ಕೇಳಿ, ಬರಕೊಂಡು ಬನ್ನಿ. ಅದೇ ನಿಮ್ಮ ಮೊದಲ ಪಾಠ.

ಎರಡನೇ ಪಾಠ ಪುಸ್ತಕದ್ದು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ 1955ರಿಂದ ಇದೆ. ಕನ್ನಡದ ಹೆಂಗಸೊಬ್ಬಳಿಗೆ ಅದು ಸಿಕ್ಕಿದ್ದು 2004ರಲ್ಲಿ, ಕಲಬುರಗಿಯ ಗೀತಾ ನಾಗಭೂಷಣರ 'ಬದುಕು' ಕಾದಂಬರಿಗೆ. ಕಾಸರಗೋಡಿನ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದು ತಲಾಖಿನ ಪ್ರಶ್ನೆ ಎತ್ತಿ, ಬೈಗುಳ ತಿಂದರೂ ಬರೆಯೋದು ಬಿಡಲಿಲ್ಲ. ಬಂಡಾಯ ಚಳವಳಿಯಿಂದ ಬಂದ ಹಾಸನದ ಬಾನು ಮುಷ್ತಾಕ್ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ತಂದರು. ಇವರಲ್ಲಿ ಯಾರೂ ಇನ್ನೊಬ್ಬರ ಪರವಾಗಿ ಮಾತಾಡಲಾರರು. ಅದಕ್ಕೇ ಎಲ್ಲರನ್ನೂ ಓದಬೇಕು.

ಹುಡುಗರೇ, ಒಂದು ಮಾತು ಕಹಿಯಾದರೂ ಹೇಳ್ತೀನಿ. ನಮ್ಮ ಸಭೆಗಳಲ್ಲಿ ಹೆಣ್ಣುಮಕ್ಕಳು ಹೋರಾಟದ ಹಾಡು ಹೇಳ್ತಾರೆ, ಊಟ ಬಡಿಸ್ತಾರೆ. ಭಾಷಣ ಮಾತ್ರ ನಮ್ಮದೇ. ಊರಿನ ಬಾವಿಗೆ ನಮ್ಮನ್ನು ಬಿಡಲಿಲ್ಲ ಅಂತ ಕೂಗುವ ನಾವು, ಮೈಕಿನ ಹತ್ತಿರ ಅವರನ್ನು ಬಿಡುತ್ತಿಲ್ಲ. ಇದೂ ಅಸ್ಪೃಶ್ಯತೆಯೇ.

ಮುಂದಿನ ಭಾನುವಾರದಿಂದ ಒಂದು ಗಂಟೆ, ಹುಡುಗರ ಹಾಸ್ಟೆಲು ಹುಡುಗಿಯರ ಹಾಸ್ಟೆಲು ಎರಡೂ ಕಡೆ, ಈ ಪುಸ್ತಕಗಳನ್ನು ಗಟ್ಟಿಯಾಗಿ ಓದೋಣ. ಚಿಕ್ಕಬಳ್ಳಾಪುರದ ಮುಂದಿನ ಸಭೆಯಲ್ಲಿ ಮೊದಲ ಮಾತು ಒಂಬತ್ತನೇ ಕ್ಲಾಸಿನ ಹುಡುಗಿಯದಾಗಲಿ. ನಾವು ಜಮಖಾನ ಹಾಸೋಣ, ತಟ್ಟೆ ತೊಳೆಯೋಣ, ಕೂತು ಕೇಳೋಣ.

ಜೈ ಭೀಮ್!