ಕುಪ್ಪಳಿಯ ತೊಟ್ಟಿಮನೆ

ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಸಾಗುವವರಿಗೆ ಕುಪ್ಪಳಿಯ ಹಿರಿಯ ಮನೆಯು ಕಾಡಿನ ಸೆರಗಿನಲ್ಲಿ ಕಾಣಸಿಗುತ್ತದೆ. ಮೂರು ಅಂತಸ್ತಿನ ಈ ತೊಟ್ಟಿಮನೆಯ ನಡುವೆ ತೆರೆದ ಅಂಗಳ; ಸುತ್ತಲೂ ಮರದ ಕಂಬಗಳು, ಜಗಲಿ, ಹೆಂಚಿನ ಮಾಡು. ತಿಂಗಳುಗಟ್ಟಲೆ ಸುರಿಯುವ ಮಳೆಯು ಮಾಡಿನ ಇಳಿಜಾರಿನಲ್ಲಿ ನಿಲ್ಲದೆ ಹರಿದುಹೋಗುತ್ತದೆ. ಒಳಕೋಣೆಗಳಿಗೆ ಗಾಳಿ ಬೆಳಕು ತೊಟ್ಟಿಯಿಂದಲೇ ಬರಬೇಕು. 1904ರ ಡಿಸೆಂಬರ್ 29ರಂದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರು ಬಾಲ್ಯವನ್ನು ಕಳೆದದ್ದು ಇಲ್ಲಿಯೇ.

ಕೂಡುಕುಟುಂಬಕ್ಕೆಂದು ಕಟ್ಟಿದ ಇಂಥ ಮನೆಗಳಲ್ಲಿ ಹಲವು, ಹಿಸ್ಸೆಯಾದಾಗ ತಾವೂ ಒಡೆದವು. ಎಷ್ಟೋ ಮನೆಗಳ ಕಂಬಗಳು ಮಾರಾಟವಾದವು. ಕುಪ್ಪಳಿಯದು ಕವಿಯ ಹೆಸರಿನ ಬಲದಿಂದ ಉಳಿದುಕೊಂಡಿತು. ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಅದನ್ನು ‘ಕವಿಮನೆ’ಯೆಂದು ವಸ್ತುಸಂಗ್ರಹಾಲಯವಾಗಿ ಕಾಪಾಡುತ್ತಿದೆ. ಕವಿ ಹುಟ್ಟದ ಮನೆತನದ ತೊಟ್ಟಿಮನೆಗಳನ್ನು ಕಾಯುವವರು ಯಾರು?